ಬಲಗೈ ಉಗುರು

ಇವತ್ತು ಬೆಳಗ್ಗೆ ಚೌರಪ್ಪ ಮೇಷ್ಟ್ರ ಹೆಬ್ಬೆರಳ ಉಗುರು ಮುರಿಯಿತು,
ಲಿಂಗರಾಜಪುರದ ಫ್ಲೈಓವರ್ ಕೆಳಗೆ,
ಆಟೋದ ಮಳೆಪರದೆಗೆ ಗುಂಡಿ ಹಾಕುವಾಗ.
ಕಡಲೆಕಾಯಿ ಸುಲಿದಷ್ಟೇ ಸದ್ದು.
ಸಂಜೆ ಏಳಕ್ಕೆ ಕಛೇರಿ.

ಬೈಯಲಿಲ್ಲ ಅವರು. ಆಟೋದ ನೆಲ ತಡಕಿ
ತುಂಡು ಹುಡುಕಿ, ಮಗುವಿನ ಹಾಲುಹಲ್ಲಿನ ಹಾಗೆ
ಕರ್ಚೀಫಿನಲ್ಲಿ ಕಟ್ಟಿ ಜೇಬಿಗಿಟ್ಟರು.

ಎಡಗೈ ಉಗುರು ಮೊಂಡು, ಬಲಗೈಯದು ನೀಳ.
ಇಷ್ಟಕ್ಕೇ ನಲವತ್ತು ವರ್ಷ ಊರಿಗೆ ವಿವರಣೆ ಕೊಟ್ಟಾಯಿತು:
ಹೆಣ್ಣು ಕೊಡುವ ಮೊದಲು ಮಾವ ಕೇಳಿದ,
ರೇಷನ್ ಅಂಗಡಿಯವ ಕೇಳಿದ,
ಒಂದು ರಾತ್ರಿ ಕೋಲ್ಸ್ ಪಾರ್ಕಿನ ಬಳಿ ಪೊಲೀಸಿನವ
ಪೆಟ್ಟಿಗೆ ಬಿಚ್ಚಿಸಿ, ಬೆರಳು ಬಿಚ್ಚಿಸಿ ಕೇಳಿದ.
ಗಿಟಾರು ಸ್ವಾಮಿ.
ಸಿನಿಮಾದ್ದಾ?
ಅಲ್ಲ.
ಆರ್ಕೆಸ್ಟ್ರಾದ್ದಾ?
ಅಲ್ಲ.
ಮತ್ತೆ?

ಮತ್ತೆ ಏನೆಂದು ನನಗೂ ಹೇಳಲು ಬರುವುದಿಲ್ಲ,
ಪಕ್ಕದ ಸ್ಟೂಲಿನಲ್ಲಿ ಹದಿನಾರು ವರ್ಷ ಕೂತಿದ್ದೇನೆ.
ಒಂಬತ್ತರ ವಯಸ್ಸಿಗೆ ಕಲಿಯಲು ಸೇರಿದೆ; ಕೈ ಪಳಗಲಿಲ್ಲ.
'ಕಣ್ಣು ಚುರುಕಿದೆ, ಹಾಳೆ ತಿರುವು' ಅಂದರು.
ತಿರುವುತ್ತಿದ್ದೇನೆ.
ಮೇಲಿನ ಬಲ ಮೂಲೆ, ಎರಡು ಬೆರಳು, ಉಸಿರು ಬಿಗಿಹಿಡಿದು.

ಹೊಟ್ಟೆಗೆ, ಪರೀಕ್ಷೆ ಕಟ್ಟಿದ ಮಕ್ಕಳ ಪಾಠ,
ವಾರಕ್ಕೆ ಮೂರು ಸಂಜೆ ಹೋಟೆಲಿನ ಲಾಬಿಯಲ್ಲಿ
ಸೂಪು ಹೀರುವವರ ಬೆನ್ನಿಗೆ ನುಡಿಸಿದ್ದು.
ಬರೆದದ್ದು ರಾತ್ರಿ, ಪಕ್ಕದ ಮನೆಯ ಟಿವಿ ಆರಿದ ಮೇಲೆ.
ಕಬ್ಬಿಣದ ಟ್ರಂಕಿನಲ್ಲಿ ಹನ್ನೊಂದು ಕೃತಿ, ನುಸಿಗುಳಿಗೆಯ ವಾಸನೆ.
ಜನರೆದುರು ಕೇಳಿಸಿದ್ದು ನಾಲ್ಕು.

ಇವತ್ತಿನದು ಐದನೆಯದು.
ನಾಲ್ವರು ಕೂಡಬೇಕು. ಕೂಡಿಸುವುದರಲ್ಲೇ ಆರು ವರ್ಷ.
ಪಿಟೀಲು ಈ ಊರಲ್ಲಿ ಬೀದಿಗೊಂದು;
ಬಂದವರು ಮಾಗಡಿ ರಸ್ತೆಯ ವೇದಾಂತಯ್ಯ.
'ಕುರ್ಚಿಯಲ್ಲಿ ಕೂತರೆ ಸ್ವರ ಅಲುಗೋದಿಲ್ಲ ಕಣ್ರೀ' ಎಂದು ನೆಲಕ್ಕಿಳಿದರು,
ಬರೆಯದ ಕಡೆ ಗಮಕ ಎಳೆದರು.
ಮೇಷ್ಟ್ರು ಎರಡು ದಿನ ಅವರನ್ನು ತಿದ್ದಿದರು,
ಮೂರನೆಯ ದಿನ ಹಾಳೆಯನ್ನೇ ತಿದ್ದಿದರು.
ಚೆಲ್ಲೋಗೆ ಐಜಾಲಿನ ಹುಡುಗ ಜೋಸಾಂಗಾ, ಬ್ಯಾಂಕಿನಲ್ಲಿ ಕೆಲಸ.
ವಯೋಲಾ ಮಾತ್ರ ಸಿಗಲಿಲ್ಲ, ಸಿಗಲಿಲ್ಲ,
ಕೊನೆಗೆ ನಾನು ದವಡೆಹಲ್ಲು ಕೀಳಿಸಲು ಹೋದಾಗ
ಡಾಕ್ಟರ್ ನುಜ್‌ಹತ್ ಅವರ ಬೀರುವಿನ ಮೇಲೆ ಕಂಡಿತು, ಧೂಳು ಹೊದ್ದು.
ನನ್ನ ಬಾಯಲ್ಲಿ ಹತ್ತಿ. ಬೆರಳು ಮಾಡಿ ತೋರಿಸಿದೆ.

ಹಾಗಾಗಿ ಇವತ್ತು ಆಟೋ ನೇರ ಅಲ್ಲಿಗೇ.
ಹಿಂದೆಲ್ಲ ಪಿಂಗ್‌ಪಾಂಗ್ ಚೆಂಡು ಕತ್ತರಿಸಿ ಅಂಟಿಸಿಕೊಳ್ಳುತ್ತಿದ್ದರು.
ಡಾಕ್ಟರು ಕುರ್ಚಿ ಒರಗಿಸಿ, 'ಬಾಯಿ ಮುಚ್ಚಿ, ಕೈ ಚಾಚಿ' ಅಂದು
ಹಲ್ಲಿಗೆ ತುಂಬುವ ಸಿಮೆಂಟು ಉಗುರಿಗೆ ಮೆತ್ತಿ
ನೀಲಿ ಬೆಳಕು ಹಿಡಿದು ಇಪ್ಪತ್ತು ಎಣಿಸಿದರು.
ಬಿಲ್ಲಿನಲ್ಲಿ 'ಮುಂದಿನ ಹಲ್ಲು, ಒಂದು' ಎಂದು ಬರೆದುಕೊಟ್ಟರು.

ಚರ್ಚಿನ ಹಿಂದಿನ ಹಾಲು. ಮೂವತ್ತೊಂದು ಜನ,
ಫ್ಯಾನು ನಿಲ್ಲಿಸಿ ಬಂದು ಕೂತ ಕಾವಲಿನವನೂ ಸೇರಿ.
ಮೂರನೆಯ ಭಾಗ ಲೂರ್ದಮ್ಮನವರಿಗೆ.
ಬೌರಿಂಗ್ ಆಸ್ಪತ್ರೆಯ ಬೆಂಚಿನಲ್ಲಿ, ಔಷಧಿ ಚೀಟಿಯ ಬೆನ್ನಿಗೆ
ಐದು ಗೆರೆ ಎಳೆದು ಬರೆದದ್ದು.
ಅಲ್ಲಿ ಉಳಿದ ಮೂವರೂ ಸುಮ್ಮನಾಗಿ
ಹೆಬ್ಬೆರಳೊಂದೇ ದಪ್ಪ ತಂತಿಯ ಮೇಲೆ ನಡೆಯಬೇಕು,
ರಾತ್ರಿ ಪಾಳಿಯ ನರ್ಸಿನ ಹಾಗೆ, ಯಾರನ್ನೂ ಎಬ್ಬಿಸದೆ.

ಮೂರನೆಯ ಮೀಟಿಗೆ ಸಿಮೆಂಟು ಹಾರಿತು,
ನನ್ನ ಮೊಣಕಾಲಿಗೆ ತಾಗಿ ಬಿತ್ತು.
ನಾಲ್ಕನೆಯ ಸ್ವರ ಬರೀ ಮಾಂಸದಿಂದ ಬಂತು,
ಮಂಕಾಗಿ, ಬೆಚ್ಚಗೆ, ಮುಚ್ಚಿದ ಬಾಗಿಲಾಚೆ ಯಾರೋ ಕೆಮ್ಮಿದಂತೆ.
ಮೇಷ್ಟ್ರ ಮುಖ ತಟ್ಟನೆ ತಂತಿಯತ್ತ ಹೊರಳಿತು,
ಯಾರೋ ಹೆಸರು ಹಿಡಿದು ಕರೆದ ಹಾಗೆ.
ನಾನು ಹಾಳೆ ತಿರುವುವುದನ್ನು ಮರೆತೆ.
ಅವರಿಗೆ ಹಾಳೆ ಬೇಕಿರಲಿಲ್ಲ.

ಮುಗಿದ ಮೇಲೆ ಕುರ್ಚಿ ಪೇರಿಸುತ್ತಿದ್ದೆವು.
ಜೋಸಾಂಗಾ ಇಷ್ಟು ಹೊತ್ತಿಗೆ ಬಿರಿಯಾನಿ ಎಲ್ಲಿ ಸಿಗುತ್ತೆ ಅನ್ನುತ್ತಿದ್ದ.
ಮೇಷ್ಟ್ರು ನನ್ನ ಪೆನ್ಸಿಲ್ ಇಸಕೊಂಡು
ಮೂರನೆಯ ಭಾಗದ ನೆತ್ತಿಯಲ್ಲಿ ಬರೆದರು: ಉಗುರಿಲ್ಲದೆ.
ತುಸು ನೋಡಿ, ಕೆಳಗೊಂದು ಗೆರೆ ಎಳೆದರು.
ಆಮೇಲೆ ಬಗ್ಗಿ ಸ್ಟೂಲಿನ ಅಡಿ ಇಣುಕುತ್ತ,
'ಆ ತುಂಡು ಎಲ್ಲಿ ಬಿತ್ತು, ಹುಡುಕಮ್ಮಾ,
ನಾಳೆ ಲಾಬಿಗೆ ಬೇಕು.'